‘ಹುಡುಗ ಕೆಟ್ಟಾನ’ ಅನ್ನುವ ಮೊದಲು

ತಂದೆ-ತಾಯಿಯನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆಯುವ ಮಗುವಿನ ವರ್ತನೆಯನ್ನು ಅರಿಯುವುದು ಹೇಗೆ?

ಪ್ರತಿ ವರ್ಷ ಜೂನ್‌ನಲ್ಲಿ ಶಾಲೆ ಸುರುವಾದಾಗ ನಮ್ಮ ಹಾಜರಿ ಪುಸ್ತಕದಲ್ಲಿ ಒಂದೆರಡು ಹೊಸ ಹೆಸರು ಸೇರುತ್ತವೆ. ವಿಚಾರಿಸಿದರೆ ‘ತಾಯಿ ತೀರಿಕೊಂಡಾಳ್ರೀ, ಇಲ್ಲೇ ಆಯಿ ಹತ್ರ ಇಟ್ಟಾರ’ ಅಂತ ಗೊತ್ತಾಗುತ್ತದೆ. ಮೊದಲ ಕೆಲವು ತಿಂಗಳು ಆ ಮಗು ಸುಮ್ಮನೆ ಕೂಡುತ್ತದೆ, ಹೇಳಿದ್ದು ಕೇಳುತ್ತದೆ. ‘ಭಾಳ ಶಾಣ್ಯಾ ಹುಡುಗ’ ಅಂತ ಎಲ್ಲರೂ ಹೊಗಳುತ್ತಾರೆ. ದೀಪಾವಳಿ ರಜೆ ಮುಗಿದ ಮೇಲೆ, ಇಲ್ಲವೆ ಮರುವರ್ಷ, ಅದೇ ಹುಡುಗ ಬಾಜೂಕ ಕೂತವನಿಗೆ ಹೊಡೆಯುತ್ತಾನೆ. ಇನ್ನೊಬ್ಬರ ಪಾಟಿಚೀಲದಿಂದ ಪೆನ್ನು ತೆಗೆಯುತ್ತಾನೆ. ಕೇಳಿದರೆ ಸುಳ್ಳು ಹೇಳುತ್ತಾನೆ. ಆಗ ಊರವರು, ಮನೆಯವರು, ಕೆಲವೊಮ್ಮೆ ಶಾಲೆಯವರೂ ಒಂದೇ ತೀರ್ಪು ಕೊಡುತ್ತಾರೆ: ‘ಆಯಿ ಲಾಡ ಮಾಡಿ ಕೆಡಿಸ್ಯಾಳ. ಹುಡುಗ ಕೆಟ್ಟಾನ.’

ಈ ತೀರ್ಪಿನ ಬೆಲೆ ದೊಡ್ಡದು. ‘ಕೆಟ್ಟ’ ಹುಡುಗನನ್ನು ಆಯಿಯ ಮನೆಯಿಂದ ಕಾಕಾನ ಮನೆಗೆ, ಅಲ್ಲಿಂದ ಯಾವುದೋ ವಸತಿಗೃಹಕ್ಕೆ ಕಳಿಸುತ್ತಾರೆ. ಹುಡುಗಿಯಾದರೆ ‘ಜವಾಬ್ದಾರಿ ಕಳಕೋಬೇಕು’ ಅಂತ ಬೇಗ ಲಗ್ನದ ಮಾತು ಬರುತ್ತದೆ. ಪ್ರತಿ ಸಲ ಮನೆ ಬದಲಾದಾಗಲೂ ಮಗು ಹಳೆಯ ನಷ್ಟವನ್ನು ಮತ್ತೊಮ್ಮೆ ಅನುಭವಿಸುತ್ತದೆ, ವರ್ತನೆ ಇನ್ನಷ್ಟು ಬಿಗಡಾಯಿಸುತ್ತದೆ.

ಶಿಕ್ಷಕ ಮಿತ್ರರೇ, ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಮಗುವಿನ ದುಃಖ ಬಹಳ ಸಲ ತಡವಾಗಿ ಬರುತ್ತದೆ, ಅಳುವಿನ ಬದಲು ಜಗಳ, ಹಟ, ಹೊಟ್ಟೆನೋವು, ಕಳವಿನ ವೇಷದಲ್ಲಿ ಬರುತ್ತದೆ. ದಿನಾಂಕ ಹಾಕಿ ಗಮನಿಸುವ ಶಿಕ್ಷಕರಿಗೆ ಮಾತ್ರ ಆ ವೇಷದ ಒಳಗೇನಿದೆ ಅನ್ನುವುದು ಕಾಣುತ್ತದೆ.

ನಮ್ಮ ಗಡಿಭಾಗದ ಮಗು ಏನೇನು ಕಳೆದುಕೊಂಡಿರುತ್ತದೆ?

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಜನ ದುಡಿಯಲು ಸೊಲ್ಲಾಪುರ, ಪುಣೆ, ಮುಂಬಯಿಗೆ ಹೋಗುತ್ತಾರೆ. ಇಂಡಿ, ಅಫಜಲಪುರ, ಆಳಂದ ಕಡೆಗೆ ಹೆಣ್ಣು ಕೊಡುತ್ತೇವೆ, ಅಲ್ಲಿಂದ ತರುತ್ತೇವೆ. ಹೀಗಾಗಿ ತಂದೆ ಅಥವಾ ತಾಯಿ ತೀರಿಕೊಂಡಾಗ ಮಗು ಒಂದು ಊರಿನಿಂದ ಇನ್ನೊಂದು ಊರಿಗೆ, ಕೆಲವೊಮ್ಮೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬರುತ್ತದೆ. ಪುಣೆಯಲ್ಲಿ ನಾಲ್ಕನೆಯ ವರ್ಗದವರೆಗೆ ಮರಾಠಿ ಮಾಧ್ಯಮದಲ್ಲಿ ಕಲಿತ ಹುಡುಗ ಒಮ್ಮೆಲೇ ಬಾಲಭಾರತಿಯ ಕನ್ನಡ ಪುಸ್ತಕದ ಮುಂದೆ ಕೂಡುತ್ತಾನೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಚುರುಕಾಗಿದ್ದ ಹುಡುಗಿ ಸೊಲ್ಲಾಪುರ ಶಹರದಲ್ಲಿ ಮಾಮಾನ ಮನೆ ಸೇರಿ ಮರಾಠಿ ವರ್ಗದಲ್ಲಿ ಮೂಕಳಾಗುತ್ತಾಳೆ.

ಒಂದು ಸಾವಿನ ಜೊತೆಗೆ ಎಷ್ಟು ಹೋಯಿತು ಲೆಕ್ಕ ಹಾಕಿರಿ: ತಾಯಿ, ಮನೆ, ಓಣಿ, ಗೆಳೆಯರು, ಹಳೆಯ ಶಾಲೆ, ಓದುವ ಭಾಷೆ. ಇರುವ ತಂದೆಯೂ ದುಡಿಯಲು ದೂರ ಉಳಿದಿದ್ದರೆ ಅವನೂ ಹೋದಂತೆಯೇ. ವರ್ಗದಲ್ಲಿ ಮಗು ಪುಸ್ತಕ ಮುಚ್ಚಿ ಎಸೆದಾಗ ಅದು ದುಃಖವೋ, ಅಕ್ಷರ ಗೊತ್ತಾಗದ ನಾಚಿಕೆಯೋ ಅನ್ನುವುದನ್ನು ಮೊದಲು ನೋಡಬೇಕು. ಎರಡೂ ಇರಬಹುದು, ಆದರೆ ಎರಡಕ್ಕೂ ಉಪಾಯ ಬೇರೆ ಬೇರೆ.

ಕೋವಿಡ್ ಕಾಲ ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಇಟ್ಟಿತು. 2021ರ ಜುಲೈನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, 2020ರ ಮಾರ್ಚ್‌ನಿಂದ 2021ರ ಏಪ್ರಿಲ್‌ವರೆಗಿನ 14 ತಿಂಗಳಲ್ಲಿ ಜಗತ್ತಿನಾದ್ಯಂತ 11 ಲಕ್ಷಕ್ಕೂ ಹೆಚ್ಚು ಮಕ್ಕಳು ತಂದೆ, ತಾಯಿ ಅಥವಾ ತಮ್ಮನ್ನು ಸಾಕುತ್ತಿದ್ದ ಅಜ್ಜ-ಅಜ್ಜಿಯನ್ನು ಕಳೆದುಕೊಂಡರು. ಆಗ ಒಂದನೆಯ ವರ್ಗದಲ್ಲಿದ್ದ ಮಕ್ಕಳು ಈಗ ಹರೆಯಕ್ಕೆ ಕಾಲಿಡುತ್ತಿದ್ದಾರೆ. ಕೋವಿಡ್ ಹೋಯಿತು. ಅಪಘಾತ, ಕಾಯಿಲೆ, ಹಾವು ಕಡಿತ ಹೋಗಿಲ್ಲ.

ಸಾವು ಮಗುವಿಗೆ ಹೇಗೆ ತಿಳಿಯುತ್ತದೆ?

ಮಾರಿಯಾ ನಾಗಿ ಎಂಬ ಮನಶ್ಶಾಸ್ತ್ರಜ್ಞೆ ಹಂಗೇರಿಯ ಬುಡಾಪೆಸ್ಟ್‌ನಲ್ಲಿ 3ರಿಂದ 10 ವರ್ಷದ ಮಕ್ಕಳ ಜೊತೆ ಮಾತಾಡಿ, ಅವರ ಚಿತ್ರ, ಬರಹ ನೋಡಿ 1948ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಐದು ವರ್ಷದ ಒಳಗಿನ ಮಕ್ಕಳಿಗೆ ಸಾವು ಅಂದರೆ ಊರಿಗೆ ಹೋದ ಹಾಗೆ, ಮಲಗಿದ ಹಾಗೆ. ಹೋದವರು ತಿರುಗಿ ಬರಬಹುದು. ಐದರಿಂದ ಒಂಬತ್ತರ ಮಕ್ಕಳು ಸಾವನ್ನು ಯಾರೋ ಬಂದು ಒಯ್ಯುವ ವ್ಯಕ್ತಿಯಂತೆ ಕಲ್ಪಿಸಿಕೊಂಡಿದ್ದರು. ಒಂಬತ್ತರ ಆಸುಪಾಸಿನಲ್ಲಿ ಸಾವು ಎಲ್ಲರಿಗೂ ಬರುವಂಥದ್ದು, ತಿರುಗಿ ಬರಲಾರದ್ದು ಎಂದು ತಿಳಿಯುತ್ತದೆ. ಮುಂದಿನ ಅಧ್ಯಯನಗಳು ಈ ವಯಸ್ಸನ್ನು ಸ್ವಲ್ಪ ಹಿಂದಕ್ಕೆ ತಂದವು. ಬಹಳಷ್ಟು ಮಕ್ಕಳಿಗೆ ಐದರಿಂದ ಏಳರ ನಡುವೆಯೇ ಈ ತಿಳಿವಳಿಕೆ ಬರುತ್ತದೆ.

ಈಗ ನಮ್ಮ ಮನೆಗಳ ಮಾತನ್ನು ಇದರ ಪಕ್ಕದಲ್ಲಿಡಿ. ‘ಅವ್ವ ಊರಿಗೆ ಹೋಗ್ಯಾಳ’ ಅಂದರೆ ನಾಲ್ಕು ವರ್ಷದ ಮಗು ಬಸ್ ಸ್ಟ್ಯಾಂಡಿನತ್ತ ನೋಡುತ್ತಾ ಕೂಡುತ್ತದೆ. ‘ಅಪ್ಪ ಮಲಗ್ಯಾನ’ ಅಂದರೆ ರಾತ್ರಿ ಮಲಗಲು ಹೆದರುತ್ತದೆ. ‘ಒಳ್ಳೆಯವರನ್ನ ದೇವರು ಬೇಗ ಕರಕೊಳ್ತಾನ’ ಅಂದರೆ ಏಳು ವರ್ಷದ ಮಗು ಒಳ್ಳೆಯವನಾಗಲು ಹೆದರಬಹುದು! ದೊಡ್ಡವರು ಮರೆಮಾಚಲು ಹೇಳಿದ ಮಾತನ್ನು ಮಕ್ಕಳು ಅಕ್ಷರಶಃ ಹಿಡಿಯುತ್ತಾರೆ.

ಇನ್ನೊಂದು ತೊಡಕು ತಪ್ಪಿತಸ್ಥ ಭಾವ. ಸಣ್ಣ ಮಕ್ಕಳು ಜಗತ್ತಿನ ಎಲ್ಲಾ ಆಗುಹೋಗುಗಳನ್ನೂ ತಮ್ಮ ಮಾತಿಗೆ, ತಮ್ಮ ಮನಸ್ಸಿಗೆ ಗಂಟು ಹಾಕುತ್ತಾರೆ. ಸಿಟ್ಟಿನಲ್ಲಿ ಒಂದು ದಿನ ‘ನೀ ಸತ್ತು ಹೋಗು’ ಅಂದಿದ್ದ ಮಗು, ತನ್ನಿಂದಲೇ ತಾಯಿ ಸತ್ತಳು ಎಂದು ವರ್ಷಗಟ್ಟಲೆ ನಂಬಿರಬಹುದು. ಅದನ್ನು ಯಾರಿಗೂ ಹೇಳುವುದಿಲ್ಲ. ಶಿಕ್ಷೆ ಬೇಡಿದಂತೆ ತಪ್ಪು ಮಾಡುತ್ತಲೇ ಹೋಗುತ್ತದೆ.

ಸುಮ್ಮನಿದ್ದ ಮಗು ತಡವಾಗಿ ಯಾಕೆ ಸಿಡಿಯುತ್ತದೆ?

ಬ್ರಿಟನ್ನಿನ ಜಾನ್ ಬೌಲ್ಬಿ ತಾಯಿ-ಮಗುವಿನ ಬಾಂಧವ್ಯದ ಸಿದ್ಧಾಂತ ಕಟ್ಟಿದ ಮನೋವೈದ್ಯರು. ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಸಾಕ್ಷ್ಯಚಿತ್ರ ತೋರಿಸಿದರು. ಎರಡು ವರ್ಷದ ಒಂದು ಹುಡುಗಿ ತಾಯಿಯನ್ನು ಬಿಟ್ಟು ಎಂಟು ದಿನ ಆಸ್ಪತ್ರೆಯಲ್ಲಿದ್ದಾಗ ಆದ ಬದಲಾವಣೆ ಅದರಲ್ಲಿದೆ. ತಾಯಿಯಿಂದ ದೂರಾದ ಮಕ್ಕಳಲ್ಲಿ ಅವರು ಮೂರು ಹಂತ ಗುರುತಿಸಿದರು: ಮೊದಲು ಪ್ರತಿಭಟನೆ, ನಂತರ ಹತಾಶೆ, ಕೊನೆಗೆ ‘ನನಗ್ಯಾರೂ ಬ್ಯಾಡ’ ಎಂಬ ದೂರ. ಆಸ್ಪತ್ರೆಯವರು ಎರಡನೆಯ, ಮೂರನೆಯ ಹಂತದ ಮಗುವನ್ನು ನೋಡಿ ‘ಹೊಂದಿಕೊಂಡಿತು’ ಎಂದು ಸಮಾಧಾನಪಡುತ್ತಿದ್ದರು. ನಾವು ‘ಶಾಣ್ಯಾ ಹುಡುಗ’ ಅನ್ನುವುದೂ ಕೆಲವೊಮ್ಮೆ ಇದೇ ಮಗುವಿಗೆ.

ಬಂಧುಗಳ ಮನೆಗೆ ಬಂದ ಮಗುವಿಗೆ ಮೊದಲು ಒಂದೇ ಚಿಂತೆ: ಇಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ? ಅದಕ್ಕೆ ಮಾತು ಕಮ್ಮಿ ಮಾಡುತ್ತದೆ, ಎರಡನೆಯ ಸಲ ಅನ್ನ ಕೇಳುವುದಿಲ್ಲ, ಕಸ ಹೊಡೆಯುತ್ತದೆ. ಇಲ್ಲಿ ನೆಲೆ ಸಿಕ್ಕಿತು ಅನಿಸಿದ ಮೇಲೆ ಒಳಗೆ ಅದುಮಿಟ್ಟ ಸಿಟ್ಟು, ಅಳು ಮೇಲೆ ಬರುತ್ತದೆ. ಆಯಿಗೆ, ಚಿಗವ್ವನಿಗೆ, ಪ್ರೀತಿಯ ಶಿಕ್ಷಕರಿಗೆ ಎದುರು ಮಾತಾಡುತ್ತದೆ. ‘ಇಷ್ಟು ಮಾಡಿದರೂ ನನ್ನನ್ನ ಇಟ್ಟುಕೊಳ್ತೀರಾ?’ ಅನ್ನುವ ಪರೀಕ್ಷೆ ಅದು. ಹೊರಗೆ ಹಾಕಿದರೆ ಮಗುವಿನ ಭಯ ನಿಜವಾಯಿತು.

ಅಮೆರಿಕದ ಬಾಸ್ಟನ್ ಸುತ್ತಮುತ್ತ ಫಿಲಿಸ್ ಸಿಲ್ವರ್‌ಮನ್ ಮತ್ತು ವಿಲಿಯಂ ವರ್ಡನ್ ನಡೆಸಿದ ಅಧ್ಯಯನ ಇಲ್ಲಿ ಉಪಯುಕ್ತ. ತಂದೆ ಅಥವಾ ತಾಯಿಯನ್ನು ಕಳೆದುಕೊಂಡ, 6ರಿಂದ 17 ವರ್ಷದ 125 ಮಕ್ಕಳನ್ನು ಅವರು ಎರಡು ವರ್ಷ ಹಿಂಬಾಲಿಸಿದರು. ಹೆಚ್ಚಿನ ಮಕ್ಕಳು ತಮ್ಮ ದಾರಿ ಕಂಡುಕೊಂಡರು. ಸುಮಾರು ಐದರಲ್ಲಿ ಒಂದು ಮಗುವಿಗೆ ಮಾತ್ರ ಗಂಭೀರ ತೊಂದರೆ ಇತ್ತು. ಕೆಲವು ಮಕ್ಕಳ ತೊಂದರೆ ಮೊದಲ ವರ್ಷಕ್ಕಿಂತ ಎರಡನೆಯ ವರ್ಷದಲ್ಲಿ ಹೆಚ್ಚು ಕಂಡಿತು. ಉಳಿದ ಪಾಲಕರು ಎಷ್ಟು ಗಟ್ಟಿಯಾಗಿ ನಿಂತರು ಎಂಬುದರ ಮೇಲೆ ಮಗುವಿನ ಸ್ಥಿತಿ ಬಹಳ ಅವಲಂಬಿಸಿತ್ತು. ಅಲ್ಲಿಯ ಮಕ್ಕಳ ಬಳಿ ಒಬ್ಬ ಪಾಲಕರಾದರೂ ಉಳಿದಿದ್ದರು ಅನ್ನುವುದು ನೆನಪಿರಲಿ. ನಮ್ಮ ಮಗುವಿಗೆ ಆ ಜಾಗದಲ್ಲಿ ಆಯಿ ಇದ್ದಾಳೆ, ಮಾಮಾ ಇದ್ದಾನೆ, ದಿನಕ್ಕೆ ಐದಾರು ತಾಸು ನೀವಿದ್ದೀರಿ.

ಭರವಸೆಗೆ ದೂರ ಹೋಗಬೇಕಿಲ್ಲ. ನಮ್ಮ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ 1956ರವರೆಗೆ ಕನ್ನಡ ಕಲಿಸಿದ ದ.ರಾ. ಬೇಂದ್ರೆ ಸುಮಾರು ಹನ್ನೆರಡನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡವರು. ಮುಂದೆ ಚಿಕ್ಕಪ್ಪನ ನೆರವಿನಿಂದ ಪುಣೆಯಲ್ಲಿ ಕಾಲೇಜು ಓದಿದರು. ಎಸ್.ಎಲ್. ಭೈರಪ್ಪ ಬಾಲ್ಯದಲ್ಲೇ ಪ್ಲೇಗಿನಿಂದ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡರು. ಎಲ್ಲರೂ ಬೇಂದ್ರೆ, ಭೈರಪ್ಪ ಆಗಬೇಕೆಂದು ಈ ಮಾತು ಹೇಳುತ್ತಿಲ್ಲ. ‘ತಾಯಿ ಇಲ್ಲದ ಕೂಸು ಉದ್ಧಾರ ಆಗಂಗಿಲ್ಲ’ ಎಂಬ ಊರಮಾತಿಗೆ ಆಧಾರವಿಲ್ಲ ಅನ್ನುವುದಕ್ಕೆ ಹೇಳಿದ್ದು.

ಮೈಯೊಳಗೆ ಏನು ನಡೆಯುತ್ತದೆ?

ವಿಜ್ಞಾನದಲ್ಲಿ ನಾವು ಕಲಿಸುವ ಗ್ರಂಥಿಗಳ ಪಾಠವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಪಾಯ ಎಂದು ಮೆದುಳಿನ ಅಮಿಗ್ಡಲಾ ಸೂಚನೆ ಕೊಟ್ಟರೆ ಹೈಪೊಥಲಾಮಸ್, ಪಿಟ್ಯುಟರಿ, ಅಡ್ರಿನಲ್ ಗ್ರಂಥಿಗಳು ಸಾಲಾಗಿ ಎಚ್ಚರಾಗುತ್ತವೆ. ಅಡ್ರಿನಲಿನ್, ಕಾರ್ಟಿಸೋಲ್ ರಕ್ತಕ್ಕೆ ಸೇರುತ್ತವೆ. ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹೊಡೆದಾಡಲು ಅಥವಾ ಓಡಲು ದೇಹ ತಯಾರು. ಹುಲಿ ಬಂದಾಗ ಇದು ಒಳ್ಳೆಯದೇ. ಆದರೆ ‘ಆಯಿನೂ ಸತ್ತರ ನಾ ಎಲ್ಲಿಗೆ ಹೋಗ್ಲಿ?’ ಎಂಬ ಹೆದರಿಕೆ ದಿನವಿಡೀ ಇರುವ ಮಗುವಿನಲ್ಲಿ ಈ ಎಚ್ಚರಿಕೆ ಪೂರ್ತಿ ಆರುವುದೇ ಇಲ್ಲ.

ಇದರ ಪರಿಣಾಮ ವರ್ಗದಲ್ಲಿ ಕಾಣುತ್ತದೆ. ಸರಿಯಾಗಿ ನಿದ್ದೆ ಬಂದಿರುವುದಿಲ್ಲ, ಹಾಗಾಗಿ ಗಣಿತದ ಹೊತ್ತಿಗೆ ತೂಕಡಿಕೆ. ಡಾಕ್ಟರು ‘ಏನೂ ಇಲ್ಲ’ ಅಂದರೂ ನಿಜವಾಗಿಯೇ ಹೊಟ್ಟೆ ನೋಯುತ್ತದೆ. ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟು ಲೆಕ್ಕ ಮಾಡುವ ಶಕ್ತಿ ಕಮ್ಮಿಯಾಗುತ್ತದೆ. ನಿನ್ನೆ ಬಂದ ಮಗ್ಗಿ ಇವತ್ತು ಬರುವುದಿಲ್ಲ. ಹಿಂದಿನಿಂದ ಯಾರೋ ಹೆಗಲು ಮುಟ್ಟಿದರೆ ಕೈ ಎತ್ತಿಯೇ ಬಿಡುತ್ತದೆ. ಸಿಟ್ಟಿಗೆ ಲಗಾಮು ಹಾಕುವ, ಹಣೆಯ ಹಿಂದಿನ ಮೆದುಳಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಹತ್ತು ವರ್ಷದ ಮಗುವಿನ ಕೈಯಲ್ಲಿ ಆ ಲಗಾಮು ಮೊದಲೇ ಸಡಿಲ. ಇಂಥ ಹೊತ್ತಿನಲ್ಲಿ ನಾವು ಕೂಗಿದರೆ ಅಥವಾ ಛಡಿ ಎತ್ತಿದರೆ ಎಚ್ಚರಿಕೆಯ ಗಂಟೆ ಇನ್ನೂ ಜೋರಾಗಿ ಬಾರಿಸುತ್ತದೆ, ಪಾಠ ಒಳಗೆ ಹೋಗುವುದಿಲ್ಲ.

ಮಕ್ಕಳ ದುಃಖ ಬಿಸಿಲು-ನೆರಳಿನ ಹಾಗೆ ಬಂದು ಹೋಗುತ್ತದೆ ಅನ್ನುವುದೂ ಗೊತ್ತಿರಲಿ. ಈಗ ಅತ್ತ ಮಗು ಹತ್ತು ನಿಮಿಷಕ್ಕೆ ಕಬಡ್ಡಿ ಆಡುತ್ತಿರುತ್ತದೆ. ‘ಇದಕ್ಕೇನೂ ದುಃಖ ಇಲ್ಲ ಬಿಡ್ರಿ’ ಅನ್ನಬಾರದು. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶೂಟ್ 1999ರಲ್ಲಿ ತೋರಿಸಿಕೊಟ್ಟಂತೆ, ದೊಡ್ಡವರ ದುಃಖವೂ ನೋವಿನ ಕಡೆಗೆ ಒಮ್ಮೆ, ಬದುಕಿನ ಕಡೆಗೆ ಒಮ್ಮೆ ತೂಗುತ್ತದೆ. ಮಕ್ಕಳಲ್ಲಿ ಆ ತೂಗಾಟ ಇನ್ನೂ ವೇಗ.

ಕಳವಿನ ಬಗ್ಗೆ ಒಂದು ಹಳೆಯ ಅಧ್ಯಯನ

ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದು ಕಳವು. ಬೌಲ್ಬಿ 1944ರಲ್ಲಿ, ಲಂಡನ್ನಿನ ಮಕ್ಕಳ ಚಿಕಿತ್ಸಾಲಯಕ್ಕೆ ಬಂದಿದ್ದ ಕಳವಿನ ಚಟದ 44 ಮಕ್ಕಳ ಹಿನ್ನೆಲೆ ಪ್ರಕಟಿಸಿದರು. ಅವರಲ್ಲಿ 17 ಮಕ್ಕಳು ಮೊದಲ ಐದು ವರ್ಷದೊಳಗೆ ತಾಯಿಯಿಂದ ದೀರ್ಘಕಾಲ ಬೇರೆಯಾಗಿದ್ದವರು. ಅದೇ ಚಿಕಿತ್ಸಾಲಯಕ್ಕೆ ಬಂದ, ಕಳವು ಮಾಡದ 44 ಮಕ್ಕಳಲ್ಲಿ ಅಂಥವರು ಇಬ್ಬರೇ.

ವಿಜ್ಞಾನದ ಶಿಕ್ಷಕರಾಗಿ ಇದನ್ನು ಎಚ್ಚರದಿಂದ ಓದಬೇಕು. ಮಾದರಿ ಸಣ್ಣದು. ಮಕ್ಕಳನ್ನು ಪರೀಕ್ಷಿಸಿದವರೂ ತೀರ್ಮಾನ ಕೊಟ್ಟವರೂ ಬೌಲ್ಬಿಯವರೇ. ಎರಡು ಸಂಗತಿ ಜೊತೆಗೆ ಕಂಡವು ಎಂದರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ. ತಾಯಿಯಿಲ್ಲದ ಮಗು ಕಳ್ಳನಾಗುತ್ತದೆ ಎಂದು ಇದರಿಂದ ಹೇಳಲು ಬರುವುದಿಲ್ಲ. ಕದಿಯುವ ಮಗುವನ್ನು ಕಂಡಾಗ ‘ಇದು ಏನನ್ನ ಕಳಕೊಂಡಿದೆ?’ ಎಂದು ಕೇಳುವ ಅಭ್ಯಾಸವನ್ನು ಈ ಅಧ್ಯಯನ ಕಲಿಸಿತು.

ಏನು ಕದ್ದಿದೆ ಎಂದು ನೋಡಿರಿ. ಖಿಚಡಿಯ ಹೊತ್ತಿನಲ್ಲಿ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡರೆ ನಾಳೆ ಸಿಗಲಿಕ್ಕಿಲ್ಲ ಎಂಬ ಹೆದರಿಕೆ ಇರಬಹುದು, ಮನೆಯಲ್ಲಿ ತಮ್ಮ ಅಥವಾ ತಂಗಿ ಹಸಿದಿರಬಹುದು. ಗೆಳತಿಯ ತಾಯಿ ತಂದುಕೊಟ್ಟ ರಿಬ್ಬನ್ನೇ ಬೇಕಾಗಿದ್ದರೆ ಅದು ರಿಬ್ಬನ್ನಿನ ಆಸೆಯಷ್ಟೇ ಆಗಿರಲಿಕ್ಕಿಲ್ಲ. ವಸ್ತು ತಿರುಗಿ ಕೊಡಿಸಲೇಬೇಕು, ಆದರೆ ಎಲ್ಲರೆದುರು ‘ಕಳ್ಳ’ ಎಂಬ ಹೆಸರಿಡಬಾರದು.

ಸಾಕುವವರೂ ಅಳುತ್ತಿದ್ದಾರೆ

ಆಯಿ ಮೊಮ್ಮಗಳನ್ನು ಸಾಕುತ್ತಿದ್ದಾಳೆ ಅಂದರೆ ಆಯಿಯ ಮಗಳು ಸತ್ತಿದ್ದಾಳೆ. ಮಾಮಾ ಅಕ್ಕನನ್ನು ಕಳೆದುಕೊಂಡಿದ್ದಾನೆ. ಒಂದೇ ಸಾವಿಗೆ ಎಲ್ಲರೂ ಅಳುತ್ತಿದ್ದಾರೆ, ಒಬ್ಬರ ಮುಂದೆ ಒಬ್ಬರು ಅಳುವುದಿಲ್ಲ. ಅವ್ವನ ಹೆಸರು ತೆಗೆದರೆ ಆಯಿ ಅಳುತ್ತಾಳೆ ಎಂದು ಮಗು ಹೆಸರೇ ತೆಗೆಯುವುದಿಲ್ಲ. ‘ಮರೆತದ’ ಎಂದು ಆಯಿ ತಿಳಿಯುತ್ತಾಳೆ, ತಾನೂ ಸುಮ್ಮನಾಗುತ್ತಾಳೆ.

ಮಾಮಾನ ಹೆಂಡತಿಯ ಪಾಡು ಇನ್ನೂ ಕಠಿಣ. ತನ್ನ ಮಕ್ಕಳ ಜೊತೆ ಇನ್ನೊಂದು ಮಗುವಿನ ಬಟ್ಟೆ ಒಗೆಯುತ್ತಾಳೆ, ಅದೇ ಮಗುವಿನ ಬಾಯಲ್ಲಿ ‘ನೀ ಏನ್ ನಮ್ಮವ್ವ ಅಲ್ಲ’ ಅನಿಸಿಕೊಳ್ಳುತ್ತಾಳೆ. ಆ ಮಾತಿನ ಹಿಂದೆ ಹೆಚ್ಚಾಗಿ ದ್ವೇಷ ಇರುವುದಿಲ್ಲ. ಅತ್ತಿಯನ್ನು ಪ್ರೀತಿಸಿದರೆ ಅವ್ವನಿಗೆ ದ್ರೋಹ ಮಾಡಿದಂತೆ ಎಂದು ಮಗುವಿಗೆ ಅನಿಸಿರುತ್ತದೆ. ಪಾಲಕರ ಸಭೆಗೆ ಬಂದಾಗ ಅವಳಿಗೆ ನೀವು ಈ ಮಾತು ತಿಳಿಸಿ ಹೇಳಿರಿ: ‘ನೀವು ಅವರ ಅವ್ವನ ಜಾಗ ತಗೊಳ್ಳಬೇಕಾಗಿಲ್ರಿ ಅಕ್ಕಾ. ಅತ್ತಿ ಆಗೇ ಇರ್ರಿ, ಆದರ ದಿನಾ ಒಂದೇ ಥರ ಇರ್ರಿ.’ ಎಷ್ಟೋ ಹೆಣ್ಣುಮಕ್ಕಳಿಗೆ ಈ ಒಂದು ಮಾತಿನಿಂದ ಹೊರೆ ಇಳಿಯುತ್ತದೆ. ದೂರು ಹೇಳಲು ಕರೆಸುವ ಮೊದಲು ಒಮ್ಮೆ ಹೀಗೆ ಮಾತಾಡಲು ಕರೆಯಿರಿ.

ನಾಲ್ಕು ಕಾಲಮ್ಮಿನ ವಹಿ

ಈಗ ಮುಖ್ಯ ಕೆಲಸಕ್ಕೆ ಬರೋಣ. ಒಂದು ಸಣ್ಣ ವಹಿಯಲ್ಲಿ ನಾಲ್ಕು ಕಾಲಮ್ಮು ಹಾಕಿರಿ: ದಿನಾಂಕ-ವೇಳೆ, ಅದಕ್ಕಿಂತ ಮೊದಲು ಏನಾಯಿತು, ಮಗು ಏನು ಮಾಡಿತು, ನಂತರ ಏನಾಯಿತು. ಆರು ವಾರ ಬರೆಯಿರಿ. ‘ಹಟಮಾರಿ’, ‘ಉದ್ಧಟ’ ಎಂದು ಬರೆಯಬೇಡಿರಿ; ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಬರೆಯಿರಿ. ಪ್ರಯೋಗವಹಿಯ ನಿಯಮವೇ ಇಲ್ಲೂ.

ತಿಳಿಯಲೆಂದು ಒಂದು ಕಾಲ್ಪನಿಕ ಮಾದರಿ ನೋಡಿರಿ. ಸೋಮವಾರ ಬೆಳಿಗ್ಗೆ ಹಾಜರಿ ಕರೆದೆವು. ಹುಡುಗ ಉತ್ತರ ಕೊಡಲಿಲ್ಲ. ಗದರಿಸಿದ ಮೇಲೆ ಪಾಟಿಚೀಲ ಒದ್ದ. ಶುಕ್ರವಾರ ‘ನನ್ನ ತಾಯಿ’ ನಿಬಂಧ ಕೊಟ್ಟೆವು. ಪಕ್ಕದವನ ವಹಿ ಹರಿದ. ಮರುವಾರ ಪ್ರಗತಿ ಪತ್ರಕಕ್ಕೆ ಪಾಲಕರ ಸಹಿ ತರಲು ಹೇಳಿದೆವು. ತಾನೇ ಸಹಿ ಮಾಡಿ ತಂದ. ಒಂದೊಂದಾಗಿ ನೋಡಿದರೆ ಮೂರು ತಪ್ಪು. ಸಾಲಾಗಿ ಇಟ್ಟರೆ ಮೂರೂ ಕಡೆ ತಂದೆ-ತಾಯಿಯ ಹೆಸರು ಬರುತ್ತದೆ. ಮಹಾರಾಷ್ಟ್ರದ ಹಾಜರಿಯಲ್ಲಿ ಮಗುವಿನ ಹೆಸರಿನ ಜೊತೆ ತಂದೆಯ ಹೆಸರನ್ನು ಕೂಗುತ್ತೇವೆ. ತಂದೆ ತೀರಿಕೊಂಡ ಮಗು ಆ ಹೆಸರನ್ನು ದಿನಾ ಬೆಳಿಗ್ಗೆ ಕೇಳುತ್ತದೆ. ಕೆಲವರಿಗೆ ಅದು ಸಮಾಧಾನ, ಕೆಲವರಿಗೆ ಗಾಯ. ಯಾವುದು ಎಂದು ಮಗುವನ್ನೇ ಕೇಳಬಹುದು.

ವಹಿಯ ಪಕ್ಕದಲ್ಲಿ ಒಂದು ಕ್ಯಾಲೆಂಡರ್ ಇಟ್ಟುಕೊಳ್ಳಿರಿ. ತೀರಿಕೊಂಡ ದಿನ, ಪುಣ್ಯತಿಥಿ, ಮಗುವಿನ ಹುಟ್ಟುಹಬ್ಬ, ಮಹಾಲಯ ಅಮಾವಾಸ್ಯೆ ಗುರುತು ಮಾಡಿರಿ. ನಾಗರಪಂಚಮಿಗೆ ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ತಾಯಿಯ ತವರಿನಲ್ಲೇ ಬೆಳೆಯುವ ಮಗು ಚಿಗವ್ವಂದಿರೆಲ್ಲ ಬರುವುದನ್ನು, ತನ್ನ ತಾಯಿ ಬಾರದಿರುವುದನ್ನು ನೋಡುತ್ತದೆ. ಕಾರಹುಣ್ಣಿಮೆಗೆ ಎತ್ತು ಓಡಿಸುವಾಗ, ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಅಪ್ಪಂದಿರ ಹೆಗಲೇರಿ ಮಕ್ಕಳು ನಂದಿಕೋಲು ನೋಡುವಾಗ ಇದೇ ಆಗುತ್ತದೆ. ಹಬ್ಬದ ಹಿಂದುಮುಂದಿನ ವಾರ ಜಗಳ ಹೆಚ್ಚಿದರೆ ನಿಮ್ಮ ವಹಿ ನಿಮಗೆ ಕಾರಣ ಹೇಳುತ್ತದೆ.

ವಹಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಎಲ್ಲವನ್ನೂ ದುಃಖದ ತಲೆಗೆ ಕಟ್ಟದಂತೆ ತಡೆಯುತ್ತದೆ. ಫಲಕದ ಮೇಲಿನದ್ದು ಬರೆಯುವಾಗ ಮಾತ್ರ ಗಲಾಟೆಯೇ? ಕಣ್ಣು ತಪಾಸಿಸಿರಿ. ಕರೆದರೆ ತಿರುಗುವುದಿಲ್ಲವೇ? ಕಿವಿ. ಊಟಕ್ಕೆ ಮೊದಲು ಮಾತ್ರವೇ? ಹಸಿವು. ಕನ್ನಡ ಓದಿಸುವಾಗ ಮಾತ್ರವೇ? ಮಾಧ್ಯಮ ಬದಲಾದ ತೊಡಕು. ಮನೆಗೆ ಹೋಗುವ ಹೊತ್ತಿಗೆ ಮುಖ ಬಾಡುತ್ತದೆಯೇ? ಮನೆಯಲ್ಲಿ ಏನು ನಡೆದಿದೆ ಎಂದು ಜಾಗರೂಕತೆಯಿಂದ ತಿಳಿಯಬೇಕು. ಈ ವಹಿ ನಿಮ್ಮ ಕಪಾಟಿನಲ್ಲೇ ಇರಲಿ. ಮುಖ್ಯಾಧ್ಯಾಪಕರನ್ನು ಬಿಟ್ಟು ಬೇರೆಯವರ ಕೈಗೆ ಹೋಗಬಾರದು.

ವರ್ಗದಲ್ಲಿ ನಾಳೆಯಿಂದ ಮಾಡಬಹುದಾದದ್ದು

1. ಸಾವನ್ನು ಸಾವು ಎಂದೇ ಹೇಳಿರಿ. ‘ನಿಮ್ಮವ್ವ ತೀರಿಕೊಂಡಾಳ ಅಂತ ನನಗ ಗೊತ್ತದ. ನಿನ್ನ ತಪ್ಪಿಲೆ ಆಗಿದ್ದಲ್ಲ ಅದು. ಮಾತಾಡಬೇಕು ಅನಿಸಿದ್ರ ನನ್ನ ಹತ್ರ ಬಾ.’ ಒಮ್ಮೆ ಹೇಳಿದರೆ ಸಾಕು, ಒತ್ತಾಯ ಬೇಡ. ಸಾವಿನ ಕಾರಣ ಮನೆಯವರು ಮಗುವಿಗೆ ಎಷ್ಟು ಹೇಳಿದ್ದಾರೆ ಎಂದು ಮೊದಲು ಕೇಳಿಕೊಳ್ಳಿರಿ.

2. ದಿನಚರಿ ಬದಲಿಸಬೇಡಿರಿ. ಅದೇ ಜಾಗ, ಅದೇ ಗೆಳೆಯ, ಅದೇ ಸಣ್ಣ ಕೆಲಸ: ಗಂಟೆ ಹೊಡೆಯುವುದು, ಗಿಡಕ್ಕೆ ನೀರು ಹಾಕುವುದು. ನೀವು ರಜೆ ಹೋಗುವುದಿದ್ದರೆ ‘ಬುಧವಾರ ಬರ್ತೀನಿ’ ಎಂದು ಮೊದಲೇ ಹೇಳಿರಿ, ಬುಧವಾರವೇ ಬನ್ನಿರಿ. ಹೇಳದೆ ಹೋದವರು ಬರುವುದಿಲ್ಲ ಎಂದು ಈ ಮಗು ಕಲಿತಿದೆ.

3. ನಿಯಮ ಎಲ್ಲರಿಗೂ ಒಂದೇ ಇರಲಿ. ‘ಪಾಪ, ತಾಯಿ ಇಲ್ಲ’ ಎಂದು ಹೊಡೆದದ್ದನ್ನು ಬಿಟ್ಟುಬಿಟ್ಟರೆ ಮಗುವಿಗೆ ಇನ್ನೂ ಹೆದರಿಕೆ. ‘ಸಿಟ್ಟು ಬಂದದ, ಬರಲಿ. ಹೊಡಿಯೂದು ಮಾತ್ರ ಇಲ್ಲ’ ಎಂದು ಮೆಲ್ಲಗೆ, ಗಟ್ಟಿಯಾಗಿ ಹೇಳಿರಿ. ಸಿಟ್ಟು ಏರಿದಾಗ ಹೋಗಿ ಕೂಡಲು ಒಂದು ಜಾಗ ಮೊದಲೇ ಗೊತ್ತು ಮಾಡಿಕೊಡಿರಿ.

4. ಪಾಠದ ಮಾತು ನೋಡಿಕೊಳ್ಳಿರಿ. ‘ನನ್ನ ತಾಯಿ’ ಬದಲು ‘ನನಗೆ ಬೇಕಾದವರು’ ಎಂದು ವಿಷಯ ಕೊಡಬಹುದು. ತೀರಿಕೊಂಡ ತಾಯಿಯ ಬಗ್ಗೆಯೇ ಬರೆಯಲು ಮನಸ್ಸಿದ್ದರೆ ಬರೆಯಲಿ, ಆ ನೆನಪು ಉಳಿಯುವುದು ಒಳ್ಳೆಯದು. ‘ತಂದೆ-ತಾಯಿ ಸಹಿ’ ಅನ್ನುವಲ್ಲಿ ‘ಪಾಲಕರ ಸಹಿ’ ಅಂದರೆ ಯಾರಿಗೂ ನಷ್ಟವಿಲ್ಲ.

5. ಮರಾಠಿಯಿಂದ ಬಂದ ಮಗು ಕೆಲವು ತಿಂಗಳು ಎರಡೂ ಭಾಷೆಯಲ್ಲಿ ಉತ್ತರಿಸಲಿ. ನಮಗೆಲ್ಲ ಎರಡೂ ಬರುತ್ತದೆ, ಅದು ಗಡಿಭಾಗದ ಶಿಕ್ಷಕರ ದೊಡ್ಡ ಬಲ.

ಯಾವಾಗ ಮುಂದೆ ಕಳಿಸಬೇಕು?

ಮಗು ಸಾಯುವ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ತಿಂಗಳುಗಟ್ಟಲೆ ಊಟ-ನಿದ್ದೆ-ಆಟ ಬಿಟ್ಟರೆ, ಮನೆಯಿಂದ ಓಡಿಹೋದರೆ, ಪ್ರಾಣಿಗಳನ್ನೋ ಸಣ್ಣ ಮಕ್ಕಳನ್ನೋ ಹಿಂಸಿಸಿದರೆ ನಮ್ಮ ವಹಿ ಸಾಲದು. ಶಾಲಾ ಆರೋಗ್ಯ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರಿಗೆ ತೋರಿಸಿರಿ. ಅವರ ಬರವಿಗೆ ಕಾಯಲು ಆಗದಿದ್ದರೆ ಸೊಲ್ಲಾಪುರದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ, ನಾವು ‘ಸಿವಿಲ್’ ಅನ್ನುವುದು, ಅಲ್ಲಿಯ ಮನೋರೋಗ ವಿಭಾಗಕ್ಕೆ ಕಳಿಸಬಹುದು. 2022ರ ಅಕ್ಟೋಬರ್‌ನಲ್ಲಿ ಸುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು, ಖರ್ಚಿಲ್ಲ. ಬಂಧುಗಳ ಮನೆಯಲ್ಲಿ ಹಿಂಸೆ, ದುಡಿಮೆಗೆ ಹಚ್ಚುವುದು, ಬಾಲ್ಯವಿವಾಹದ ಸುಳಿವು ಸಿಕ್ಕರೆ 1098. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೂ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ‘ಮನೆತನದ ಮಾತು’ ಎಂದು ಮುಚ್ಚಿಡಲು ಬರುವುದಿಲ್ಲ.

ಕಾಗದಪತ್ರದ ಮಾತು

ಮಗುವಿನ ನೆಲೆ ಗಟ್ಟಿಯಾಗಲು ಕಾಗದವೂ ಬೇಕು. ಹಳೆಯ ಶಾಲೆಯ ದಾಖಲಾ ಬರಲು ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 5 ಹಾಗೆ ಹೇಳುತ್ತದೆ. ಕರ್ನಾಟಕದಿಂದ ಬಂದ ಮಗುವಿಗೂ ಇದೇ ನಿಯಮ. ಅದೇ ಕಾಯ್ದೆಯ ಕಲಂ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.

ಮಹಾರಾಷ್ಟ್ರ ಸರಕಾರದ ಕ್ರಾಂತಿಜ್ಯೋತಿ ಸಾವಿತ್ರಿಬಾಯಿ ಫುಲೆ ಬಾಲಸಂಗೋಪನ ಯೋಜನೆಯಲ್ಲಿ, ತಂದೆ-ತಾಯಿ ಇಬ್ಬರನ್ನೂ ಅಥವಾ ಒಬ್ಬರನ್ನು ಕಳೆದುಕೊಂಡ 18 ವರ್ಷದೊಳಗಿನ ಮಗುವಿನ ಪಾಲನೆಗೆ 2023ರಿಂದ ತಿಂಗಳಿಗೆ 2,250 ರೂಪಾಯಿ ನೆರವು ಗೊತ್ತುಪಡಿಸಲಾಗಿದೆ. ಅರ್ಜಿ ಜಿಲ್ಲಾ ಮಹಿಳಾ ಮತ್ತು ಬಾಲವಿಕಾಸ ಕಚೇರಿಗೆ ಹೋಗುತ್ತದೆ, ಆದೇಶ ಬಾಲ ಕಲ್ಯಾಣ ಸಮಿತಿಯದು. ಮರಣ ದಾಖಲೆ, ಆಧಾರ್, ಶಾಲೆಯ ಬೋನಾಫೈಡ್, ಬ್ಯಾಂಕ್ ಪುಸ್ತಕ ಹೊಂದಿಸುವುದು ಆಯಿಯಂಥವರಿಗೆ ಒಬ್ಬರಿಂದ ಆಗುವ ಕೆಲಸವಲ್ಲ. ಬೋನಾಫೈಡನ್ನು ಅದೇ ದಿನ ಬರೆದುಕೊಟ್ಟು, ಅರ್ಜಿ ತುಂಬಲು ಅರ್ಧ ತಾಸು ಕೂತರೆ ಆ ಮನೆಯಲ್ಲಿ ಮಗು ಉಳಿಯಲು ನೀವು ದೊಡ್ಡ ಆಸರೆ ಕೊಟ್ಟಂತೆ.

ಕೇಂದ್ರದ ಮುಂದಿನ ಶಿಕ್ಷಣ ಪರಿಷತ್ತಿಗೆ ಬರುವಾಗ ಒಂದು ಕೆಲಸ ಮಾಡೋಣ. ನಮ್ಮ ಶಾಲೆಯಲ್ಲಿ ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳು ಎಷ್ಟು, ಅವರಲ್ಲಿ ಬಾಲಸಂಗೋಪನ ಅರ್ಜಿ ಹಾಕದವರು ಎಷ್ಟು ಎಂಬ ಎರಡು ಸಂಖ್ಯೆಯನ್ನು ಹೆಸರಿಲ್ಲದೆ ಬರೆದು ತರೋಣ. ಆರು ವಾರದ ವಹಿ ಇಟ್ಟವರು, ಮಗುವಿನ ಗುರುತು ಹೇಳದೆ, ಏನು ಕಂಡಿತು ಅನ್ನುವುದನ್ನು ಹಂಚಿಕೊಳ್ಳಲಿ. ಅಲ್ಲಿಯವರೆಗೆ ‘ಹುಡುಗ ಕೆಟ್ಟಾನ’ ಎಂಬ ಮಾತು ನಾಲಿಗೆಗೆ ಬಂದಾಗ ವಹಿ ತೆಗೆದು ದಿನಾಂಕ ಬರೆಯೋಣ.